ಉಪ್ಪಿನ ಕೋಠಿಯ ನಾಲ್ಕನೇ ನಮೂನೆ

ನಮ್ಮ ಊರಿನಲ್ಲಿ ಮನಸ್ಸಿಲ್ಲದೆ ಹಾಕಿದ ಸಹಿ ಮರುದಿನ ಬೆಳಗಿನವರೆಗೆ ಕಾಗದದ ಮೇಲೆ ನಿಲ್ಲುವುದಿಲ್ಲ. ಸಂಜೆ ಕಪ್ಪಗೆ ಎದ್ದು ಕಾಣುತ್ತಿದ್ದ ಹೆಸರು ಬೆಳಿಗ್ಗೆ ನೋಡಿದರೆ ಇರುವುದಿಲ್ಲ. ಆ ಜಾಗ ಏನೂ ಬರೆದೇ ಇಲ್ಲವೆಂಬಂತೆ ಬೆಳ್ಳಗಿರುತ್ತದೆ. ಹೆಬ್ಬೆಟ್ಟಿನ ಗುರುತಿಗೂ ಇದೇ ಗತಿ. ಪೆನ್ನು ಬದಲಾಯಿಸಿದರೂ, ಬೇರೆ ಊರಿನಿಂದ ಮಸಿ ತರಿಸಿದರೂ ವ್ಯತ್ಯಾಸವಿಲ್ಲ. ಹೊರಗಿನವರು ಯಾಕೆ ಹೀಗೆ ಎಂದು ಕೇಳುತ್ತಾರೆ. ನಾವು ಕೇಳಿಕೊಂಡಿಲ್ಲ. ಹುಟ್ಟಿದಾಗಿನಿಂದ ಹಾಗೇ ಇದೆ, ಅದಕ್ಕೆ ತಕ್ಕಂತೆ ಬದುಕುವುದನ್ನು ಕಲಿತಿದ್ದೇವೆ.

ನಮ್ಮ ನೋಂದಣಿ ಕಚೇರಿಯಲ್ಲಿ ಸಂಜೆ ಸಹಿ ಹಾಕಿಸಿಕೊಂಡು ಮರುದಿನ ಬೆಳಿಗ್ಗೆ ಮೊಹರು ಒತ್ತುತ್ತಾರೆ. ಮದುವೆಯ ಪುಸ್ತಕವನ್ನು ಎರಡೂ ಕಡೆಯವರು ಬೆಳಿಗ್ಗೆ ಬಂದು ನೋಡಿದ ಮೇಲೆಯೇ ತಿಂಡಿಯ ಎಲೆ ಹಾಕುವುದು. ಪುರಸಭೆಯಲ್ಲಿ ಹಾಜರಿ ಪುಸ್ತಕವನ್ನು ನನ್ನ ಅಜ್ಜನ ಕಾಲದಲ್ಲೇ ತೆಗೆದುಹಾಕಿದರು. ಸೋಮವಾರದ ಪುಟದಲ್ಲಿ ಕಾವಲುಗಾರನ ಹೆಸರು ಬಿಟ್ಟು ಬೇರೆ ಯಾರದ್ದೂ ಉಳಿಯುತ್ತಿರಲಿಲ್ಲವಂತೆ. ಒಬ್ಬ ಪೋಸ್ಟ್ ಮಾಸ್ತರರು ಹನ್ನೊಂದು ಸಲ ರಾಜೀನಾಮೆ ಬರೆದುಕೊಟ್ಟಿದ್ದರು, ಹನ್ನೊಂದು ಸಲವೂ ಸಹಿ ಅಳಿಸಿಹೋಯಿತು. ಹನ್ನೆರಡನೆಯದು ಉಳಿದಾಗ ಊರಿನವರೆಲ್ಲ ಬಸ್ ನಿಲ್ದಾಣಕ್ಕೆ ಹೋಗಿ ಅವರನ್ನು ಕಳಿಸಿಕೊಟ್ಟೆವು.

ನನ್ನ ಹೆಸರು ವನಜಾಕ್ಷಿ. ಇಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷದಿಂದ ನರ್ಸ್. ಆಸ್ಪತ್ರೆಯ ಕಟ್ಟಡ ಹಿಂದೆ ಉಪ್ಪಿನ ದಾಸ್ತಾನು ಇಡುತ್ತಿದ್ದ ಜಾಗ, ಹಾಗಾಗಿ ಇವತ್ತಿಗೂ ಜನ ಉಪ್ಪಿನ ಕೋಠಿ ಎಂದೇ ಕರೆಯುತ್ತಾರೆ. ತೇವದ ದಿನಗಳಲ್ಲಿ ಗೋಡೆ ಮುಟ್ಟಿದರೆ ಬೆರಳಿಗೆ ಉಪ್ಪು ಹತ್ತುತ್ತದೆ. ಈ ಊರಿನ ಮೂವತ್ತರ ಒಳಗಿನವರಲ್ಲಿ ಹೆಚ್ಚಿನವರು ಮೊದಲ ಸಲ ಅತ್ತದ್ದು ನನ್ನ ಕೈಯಲ್ಲಿ. ನನಗೆ ಜಂಬ ಜಾಸ್ತಿ ಎನ್ನುತ್ತಾರೆ. ಇರಬಹುದು. ಆದರೆ ಈಗ ಹೇಳಹೊರಟಿರುವುದು ನನ್ನ ಜಂಬದ ವಿಷಯವಲ್ಲ. ಇದರಲ್ಲಿ ನಾನು ಮಾಡಿದ ತಪ್ಪೂ ಒಂದಿದೆ, ಅದನ್ನೂ ಹೇಳುತ್ತೇನೆ.

ಮೊದಲೆಲ್ಲ ಹೆಂಗಸರು ತಾವಾಗಿಯೇ ಬರುತ್ತಿದ್ದರು. ಬಸಿರು ಬೇಡವೆಂದು ಗುಳಿಗೆ ಬೇಕಾದವರು ಗುಳಿಗೆ ತೆಗೆದುಕೊಂಡು, ಗರ್ಭ ನಿಲ್ಲದಂತೆ ಒಳಗೆ ಇಡುವ ವಂಕಿ ಹಾಕಿಸಿಕೊಳ್ಳುವವರು ಹಾಕಿಸಿಕೊಂಡು ಹೋಗುತ್ತಿದ್ದರು. ಗರ್ಭ ಉಳಿಸಿಕೊಳ್ಳಲಾಗದವರು ಡಾಕ್ಟರ ಹತ್ತಿರ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರು. ಆಮೇಲೆ ರಾಜಧಾನಿಯ ಶಾಸನಸಭೆಯಲ್ಲಿ ಹೊಸ ಕಾನೂನು ಬಂತು. ಅದರ ಹೆಸರು ಉದ್ದವಾಗಿತ್ತು, ತಾಯ್ತನ, ಕುಟುಂಬ, ಸೌಖ್ಯ ಎಂಬ ಮೂರೂ ಪದಗಳು ಅದರಲ್ಲಿದ್ದವು. ನಮ್ಮ ಕೈಗೆ ಬಂದದ್ದು ಮಾತ್ರ ಒಂದು ಹಾಳೆ, ನಾಲ್ಕನೇ ನಮೂನೆ. ಇನ್ನು ಮುಂದೆ ಗುಳಿಗೆಯಿಂದ ಹಿಡಿದು ಗರ್ಭಪಾತದವರೆಗೆ ಯಾವುದಕ್ಕೇ ಆಗಲಿ ಆ ಹಾಳೆ ತುಂಬಬೇಕು. ಮೇಲೆ ಹೆಂಗಸಿನ ಸಹಿ. ಅದರ ಕೆಳಗೆ, ‘ಅನುಮತಿ ನೀಡುತ್ತೇನೆ’ ಎಂಬ ಸಾಲಿನಡಿ ಗಂಡನ ಸಹಿ. ಅದರ ಕೆಳಗೆ ಮನೆಯ ಹಿರಿಯರದ್ದು. ಗರ್ಭಪಾತವಾದರೆ ಡಾಕ್ಟರದ್ದೂ ಬೇಕು, ಅದೂ ಹನ್ನೆರಡು ವಾರ ತುಂಬುವುದರೊಳಗೆ. ಒಂದು ಸಹಿ ಕಡಿಮೆಯಾದರೂ ಚಿಕಿತ್ಸೆ ಕೊಟ್ಟವರಿಗೆ ಶಿಕ್ಷೆ.

ಮೊದಲ ತಿಂಗಳು ನಲವತ್ತೆರಡು ನಮೂನೆ ಬಂದವು. ಬೆಳಿಗ್ಗೆ ತೆಗೆದು ನೋಡಿದರೆ ಹತ್ತೊಂಬತ್ತರಲ್ಲಿ ಗಂಡನ ಜಾಗ ಖಾಲಿ. ಆ ಹೆಂಗಸರು ಬಂದು ನೋಡಿ ಹೋದರು. ಮತ್ತೆ ಬರಲಿಲ್ಲ. ನಾನು ಏನು ಮಾಡಿದೆ ಎಂದರೆ ಆ ಹಾಳೆಗಳ ತುದಿಯಲ್ಲಿ ‘ಅಪೂರ್ಣ’ ಎಂದು ಬರೆದು ಬೀರುವಿನಲ್ಲಿಟ್ಟೆ. ಹೀಗೆ ಹದಿನಾಲ್ಕು ತಿಂಗಳು ಇಡುತ್ತಾ ಹೋದೆ. ಯಾರ ಮನೆಗೂ ಹೋಗಿ ವಿಚಾರಿಸಲಿಲ್ಲ. ಇದೇ ನಾನು ಹೇಳಿದ ತಪ್ಪು.

ಆ ಹಾಳೆಗಳಲ್ಲಿ ಒಂದು ಚೆನ್ನಾಂಬಿಕೆಯದು. ಬತ್ತಿ ಬೀದಿಯಲ್ಲಿ ಅವಳ ಮನೆ. ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುತ್ತಾಳೆ. ಗಂಡ ಪರಶಿವ ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಜೊತೆಯಲ್ಲಿ ಅತ್ತೆ ಪುಟ್ಟಮ್ಮಣ್ಣಿ ಇದ್ದಾರೆ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು. ಚಿಕ್ಕವಳು ಹುಟ್ಟುವಾಗ ಚೆನ್ನಾಂಬಿಕೆಗೆ ಏಳು ಬಾಟಲಿ ರಕ್ತ ಕೊಟ್ಟಿದ್ದೆವು. ಅವಳ ಹೃದಯದ ಒಂದು ಕವಾಟ ಸರಿಯಿಲ್ಲ ಎಂದು ಗೊತ್ತಾದದ್ದು ಆಗಲೇ. ಇನ್ನೊಂದು ಹೆರಿಗೆ ಬೇಡವೇ ಬೇಡ ಎಂದು ಆಗಿನ ಡಾಕ್ಟರು ಅವತ್ತೇ ಬರೆದುಕೊಟ್ಟಿದ್ದರು. ಅಲ್ಲಿಂದ ಅವಳು ತಪ್ಪದೆ ಗುಳಿಗೆ ಒಯ್ಯುತ್ತಿದ್ದಳು. ಹೊಸ ಕಾನೂನು ಬಂದ ಮೇಲೆ ಅವಳೂ ನಾಲ್ಕನೇ ನಮೂನೆ ತುಂಬಿದಳು. ಪರಶಿವನ ಸಹಿ ಬೆಳಿಗ್ಗೆಗೆ ಇರಲಿಲ್ಲ. “ಮಸಿ ತೆಳ್ಳಗಿತ್ತೇನೋ ಸಿಸ್ಟರ್,” ಎಂದು ನಾಚಿಕೆಯಿಂದ ಹೇಳಿ ಹೋದಳು. ಆ ಮಾತು ನಮ್ಮ ಊರಿನಲ್ಲಿ ಯಾರೂ ನಂಬುವಂಥದ್ದಲ್ಲ, ಅವಳೂ ನಂಬಿರಲಿಲ್ಲ.

ಒಂದು ವರ್ಷ ಕಳೆದು ಅವಳು ಮತ್ತೆ ಬಂದಾಗ ನಮ್ಮ ಹೊರಗಿನ ಆರು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಒಂಬತ್ತು ವಾರ ತುಂಬಿತ್ತು. ನಮ್ಮ ಡಾಕ್ಟರ್ ಮೆಹರುನ್ನೀಸಾ, ಬೇರೆ ಊರಿನಿಂದ ಬಂದು ಎರಡು ವರ್ಷವಾಗಿದ್ದ ಹೆಣ್ಣುಮಗಳು, ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಚೆನ್ನಾಂಬಿಕೆಯ ಎದುರಿಗೇ ಹೇಳಿದರು, “ಮುಚ್ಚಿಟ್ಟು ಹೇಳುವುದಿಲ್ಲ. ಇದು ಮುಂದುವರಿದರೆ ನಿನ್ನನ್ನು ಉಳಿಸಿಕೊಳ್ಳುತ್ತೇನೆ ಎಂದು ನಾನು ಮಾತು ಕೊಡಲಾರೆ.”

ಚೆನ್ನಾಂಬಿಕೆ ತನ್ನ ಕೈ ನೋಡಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳುಗಳು. “ತೆಗೆದುಬಿಡಿ ಮೇಡಂ. ಎರಡು ಮಕ್ಕಳಿದ್ದಾರೆ, ಅವರಿಗೆ ನಾನು ಬೇಕು,” ಎಂದಳು.

ಅವತ್ತು ಸಂಜೆ ಮೂವರೂ ಬಂದು ನಮೂನೆ ತುಂಬಿದರು. ಚೆನ್ನಾಂಬಿಕೆ ಸಹಿ ಹಾಕಿದಳು, ಪರಶಿವ ಹಾಕಿದ, ಪುಟ್ಟಮ್ಮಣ್ಣಿ ಹೆಬ್ಬೆಟ್ಟು ಒತ್ತಿದರು. ಬೆಳಿಗ್ಗೆ ಮೇಲಿನದು ಇತ್ತು, ಕೆಳಗಿನದು ಇತ್ತು, ನಡುವಿನದು ಇರಲಿಲ್ಲ. ಪರಶಿವನ ಮುಖ ಕಪ್ಪಿಟ್ಟಿತು. “ಇನ್ನೊಂದು ಕೊಡಿ ಸಿಸ್ಟರ್,” ಎಂದ. ಎರಡನೇ ಸಲ ಕಾಗದ ಹರಿಯುವ ಹಾಗೆ ಒತ್ತಿ ಬರೆದ. ಅದೂ ಹೋಯಿತು. ನಾಲ್ಕು ದಿನ ಬಿಟ್ಟು ಮೂರನೆಯದು. ಅದೂ ಹೋಯಿತು. ಪ್ರತಿ ಬೆಳಿಗ್ಗೆ ಚೆನ್ನಾಂಬಿಕೆ ಎದೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಳು, ಹೊಸ ಹಾಳೆ ಹಾಕದ ದಿನವೂ ಬಂದು ಹಳೆಯದನ್ನೇ ನೋಡಿ ಹೋಗುತ್ತಿದ್ದಳು. ಬತ್ತಿ ಬೀದಿಯಲ್ಲಿ ಮಾತು ಹಬ್ಬಿತು. ಪರಶಿವನಿಗೆ ಗಂಡುಮಗು ಬೇಕಂತೆ, ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ದಿನ ಚೆನ್ನಾಂಬಿಕೆ ನನ್ನ ಮೇಜಿನ ಪಕ್ಕ ನಿಂತು ಮೆಲ್ಲಗೆ ಹೇಳಿದಳು, “ಎರಡು ಹೆಣ್ಣಾದಾಗಲೂ ಅವರು ಒಂದು ಮಾತು ಆಡಿರಲಿಲ್ಲ ಸಿಸ್ಟರ್. ಒಳಗೆ ಇಷ್ಟು ಆಸೆ ಇಟ್ಕೊಂಡಿದ್ರು ಅನ್ನೋದನ್ನ ಕಾಗದ ಹೇಳಬೇಕಾಯ್ತು.” ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಹನ್ನೆರಡು ವಾರಕ್ಕೆ ಐದೇ ದಿನ ಉಳಿದಿತ್ತು. ಅವತ್ತು ಮಧ್ಯಾಹ್ನ ನಾನು ಹೊಸ ಹಾಳೆಯೊಂದನ್ನು ಚೀಲದಲ್ಲಿಟ್ಟುಕೊಂಡು ಬತ್ತಿ ಬೀದಿಗೆ ಹೋದೆ.

ಪುಟ್ಟಮ್ಮಣ್ಣಿ ಜಗುಲಿಯ ಮೇಲೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಹೊಲಿಗೆ ಯಂತ್ರದ ಸದ್ದು. ಪರಶಿವ ಆಗಷ್ಟೇ ಕೆಲಸದಿಂದ ಬಂದು ಸೊಂಟದ ಚರ್ಮದ ಪಟ್ಟಿ ಬಿಚ್ಚುತ್ತಿದ್ದ. ನನ್ನನ್ನು ಕಂಡು ನಿಂತ. ಪುಟ್ಟಮ್ಮಣ್ಣಿಯೇ ಶುರು ಮಾಡಿದರು, “ನನ್ನ ಹೆಬ್ಬೆಟ್ಟು ಉಳೀತಲ್ಲ ಸಿಸ್ಟರಮ್ಮ, ಇವನಿಗೇನು ಅಡ್ಡ ಬಂದಿದೆ ಅಂತ ಕೇಳಿ. ನಾನು ಕೇಳಿದ್ರೆ ಎದ್ದು ಹೋಗ್ತಾನೆ.”

“ಪರಶಿವಪ್ಪ, ನೇರವಾಗೇ ಕೇಳ್ತೀನಿ,” ಎಂದೆ. “ಗಂಡುಮಗು ಬೇಕು ಅಂತ ಆಸೆ ಇದೆಯಾ ನಿನಗೆ? ಇದ್ದರೆ ಇದೆ ಅನ್ನು. ಬೈಯೋಕೆ ಬಂದಿಲ್ಲ ನಾನು.”

ಅವನು ನಿಜವಾಗಿ ಯೋಚಿಸಿದ. ಅದೇ ನನಗೆ ಅವನ ಮೇಲೆ ಗೌರವ ಹುಟ್ಟಿಸಿತು. “ಮೊದಲ ಸಲ ಇತ್ತು ಸಿಸ್ಟರ್. ಚಿಕ್ಕವಳು ಹುಟ್ಟಿದ ದಿನ ನಾನು ನಿಮ್ಮ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆನಲ್ಲ, ನೀವು ರಕ್ತದ ಬಾಟ್ಲಿ ಹಿಡ್ಕೊಂಡು ಓಡಾಡ್ತಿದ್ರಲ್ಲ, ಅವತ್ತೇ ಹೋಯ್ತು. ಇವಳು ಉಳಿದರೆ ಸಾಕು ಅನ್ನೋದು ಬಿಟ್ಟರೆ ನನ್ನೊಳಗೆ ಬೇರೆ ಏನೂ ಇಲ್ಲ. ಆದರೂ ಸಹಿ ನಿಲ್ಲಲ್ಲ ಅಂದ್ರೆ ನಾನು ಯಾರಿಗೆ ಏನು ಹೇಳಲಿ?”

ನಾನು ಹಾಳೆ ತೆಗೆದು ಅವನ ಕೈಗೆ ಕೊಟ್ಟೆ. “ಇದನ್ನ ಒಂದು ಸಲವಾದರೂ ಓದಿದ್ದೀಯಾ? ಜೋರಾಗಿ ಓದು.”

ಅವನು ಓದಿದ. “ಮೇಲ್ಕಂಡ ಸ್ತ್ರೀಯ ಪತಿಯಾದ ನಾನು ಈಕೆಗೆ ಸದರಿ ಚಿಕಿತ್ಸೆ ಪಡೆಯಲು ಅನುಮತಿ...” ಅಲ್ಲಿಗೆ ನಿಲ್ಲಿಸಿದ. ಮತ್ತೆ ಮೊದಲಿನಿಂದ ಓದಿದ, ಅದೇ ಪದದ ಹತ್ತಿರ ಮತ್ತೆ ನಿಂತ. ಜಗುಲಿಯ ತುದಿಯಲ್ಲಿ ಕೂತುಕೊಂಡ.

“ಸಿಸ್ಟರ್, ನಾವು ಕಂಬ ಹತ್ತೋ ಮುಂಚೆ ಸ್ಟೇಷನ್‌ಗೆ ಹೇಳಿ ಲೈನ್ ಕ್ಲಿಯರ್ ತಗೋತೀವಿ, ಕರೆಂಟ್ ತೆಗೆದಿದ್ದಾರೆ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಯಾರು ಹತ್ತುತ್ತಾರೋ ಅವರೇ ತಗೋಬೇಕು. ಕೆಳಗೆ ನಿಂತವನು ನಾನು ಹೇಳ್ತೀನಿ, ನೀನು ಹತ್ತು ಅಂದ್ರೆ ನಾನು ಹತ್ತಲ್ಲ. ಜೀವ ನನ್ನದಲ್ವಾ.” ಹಾಳೆಯ ಮೇಲೆ ಬೆರಳಿಟ್ಟು ಹೇಳಿದ, “ಇಲ್ಲಿ ಹತ್ತೋಳು ಇವಳು. ನಾನು ಕೆಳಗೆ ನಿಂತಿರೋನು. ನಾನು ಅನುಮತಿ ಕೊಡೋಕೆ ಯಾರು? ಸಹಿ ಹಾಕುವಾಗೆಲ್ಲ ಕೈ ಹಿಂದೆಹಿಂದೆ ಎಳೀತಿತ್ತು. ಯಾಕೆ ಅಂತ ಈಗ ಗೊತ್ತಾಯ್ತು.”

ಹೊಲಿಗೆ ಯಂತ್ರದ ಸದ್ದು ಯಾವಾಗ ನಿಂತಿತೋ ತಿಳಿಯದು. ಚೆನ್ನಾಂಬಿಕೆ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಈ ಮಾತನ್ನ ಹದಿನಾರು ದಿನದ ಹಿಂದೆ ಹೇಳಬಾರದಾಗಿತ್ತಾ ರೀ?” ಎಂದಳು.

“ನನಗೇ ಗೊತ್ತಿರಲಿಲ್ಲ ಚೆನ್ನಾ,” ಎಂದ ಅವನು.

ಅವಳು ಒಳಗೆ ಹೋಗಿ ಮಗಳ ಪೆನ್ನು ತಂದುಕೊಟ್ಟಳು, ತಾನೇ ಮೊದಲು ಸಹಿ ಹಾಕಿದಳು. ಅವನು ಅಚ್ಚಾಗಿದ್ದ ಸಾಲಿನ ಮೇಲೆ ಗೆರೆ ಎಳೆದು ಹೊಡೆದುಹಾಕಿದ. ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದ: ‘ಇದು ಚೆನ್ನಾಂಬಿಕೆಯ ತೀರ್ಮಾನ. ನಾನು ಅವಳ ಜೊತೆಗಿದ್ದೇನೆ.’ ಸಹಿ ಹಾಕಿದ. ಪುಟ್ಟಮ್ಮಣ್ಣಿ ಕೈಯ ನಾರು ಒರೆಸಿಕೊಂಡು, “ನನ್ನ ಕಡೆ ಏನು ಬರೆದಿದೆ?” ಎಂದು ಕೇಳಿದರು. ಅವರಿಗೆ ಓದಲು ಬಾರದು. ‘ಹಿರಿಯರ ಒಪ್ಪಿಗೆ’ ಎಂದು ಹೇಳಿದೆ. “ಅದನ್ನೂ ಹೊಡೆದುಹಾಕು ಪರಶಿವ. ಅವತ್ತು ಸೊಸೆ ಬದುಕಲಿ ಅಂತ ಒತ್ತಿದ್ದೆ. ಒಪ್ಪಿಗೆ ಗಿಪ್ಪಿಗೆ ನನಗೆ ಗೊತ್ತಿಲ್ಲ. ನಾನೂ ಜೊತೆಗಿದ್ದೀನಿ ಅಂತ ಬರಿ.”

ಮರುದಿನ ಬೆಳಿಗ್ಗೆ ನಾನು ಬೀರು ತೆಗೆಯುವಾಗ ಚೆನ್ನಾಂಬಿಕೆ ಪಕ್ಕದಲ್ಲೇ ಇದ್ದಳು. ಮೂರೂ ಇದ್ದವು. ನಡುವಿನದು ಉಳಿದೆರಡಕ್ಕಿಂತ ಕಪ್ಪಗಿತ್ತು ಎಂದು ನನಗೆ ಅನ್ನಿಸಿತು. ಅವಳು ಬೆರಳಿನಿಂದ ಅದನ್ನೊಮ್ಮೆ ಮುಟ್ಟಿ ನೋಡಿ, ಕುರ್ಚಿಯಲ್ಲಿ ಕೂತು, ಆಗ ಅತ್ತಳು.

ಆದರೆ ತಿದ್ದಿದ ನಮೂನೆ ನಮೂನೆಯಲ್ಲ. ಅದು ನನಗೂ ಗೊತ್ತಿತ್ತು, ಮೆಹರುನ್ನೀಸಾ ಮೇಡಂಗೂ ಗೊತ್ತಿತ್ತು. ಅವರ ಸಂಬಳವನ್ನೇ ನೆಚ್ಚಿಕೊಂಡು ಅವರ ಊರಿನಲ್ಲಿ ವಯಸ್ಸಾದ ತಂದೆ ಇದ್ದರು. ಹಾಳೆಯನ್ನು ಓದಿ ಕಿಟಕಿಯ ಹತ್ತಿರ ಹೋದರು, ಬೆನ್ನು ಮಾಡಿ ನಿಂತರು. ಹನ್ನೊಂದು ವಾರ ಮೂರು ದಿನ. ಮತ್ತೆ ಬಂದು ಕೂತು, ಡಾಕ್ಟರ ಜಾಗದಲ್ಲಿ ಕಾರಣ ಬರೆದು ಸಹಿ ಹಾಕಿದರು. ಆಮೇಲೆ ಕೇಳಿದರು, “ನಾಳೆ ನನ್ನ ಸಹಿ ಇರುತ್ತಾ ಸಿಸ್ಟರ್?”

“ನಾಳೆ ತನಕ ಕಾಯ್ತೀರಾ ಮೇಡಂ?”

“ಇಲ್ಲ. ಥಿಯೇಟರ್ ರೆಡಿ ಮಾಡಿ.”

ಹತ್ತು ಗಂಟೆಯೊಳಗೆ ಎಲ್ಲ ಮುಗಿದಿತ್ತು. ಪರಶಿವ ಹೊರಗೆ ಅದೇ ಬೆಂಚಿನ ಮೇಲೆ ಕೂತಿದ್ದ. ಚೆನ್ನಾಂಬಿಕೆ ಸಂಜೆ ಗಂಜಿ ಕುಡಿದು, ಮೂರನೇ ದಿನ ನಡೆದೇ ಮನೆಗೆ ಹೋದಳು. ಮೇಡಂ ಸಹಿ ಮರುದಿನ ಇತ್ತು. ಕರೆದು ತೋರಿಸಿದೆ. ಅವರು ನೋಡಿ ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆದರು, ಆದರೆ ಆ ದಿನವೆಲ್ಲ ಅವರ ನಡಿಗೆಯೇ ಬೇರೆಯಾಗಿತ್ತು.

ಆಮೇಲೆ ನಾನು ಬೀರು ತೆರೆದೆ. ಅಪೂರ್ಣ ಎಂದು ನಾನೇ ಬರೆದಿಟ್ಟ ಹಾಳೆಗಳು ನೂರ ಅರವತ್ಮೂರು. ಬೆಳಗಿನ ಪಾಳಿ ಮುಗಿಸಿ ದಿನಕ್ಕೆ ನಾಲ್ಕೈದು ಮನೆಯಂತೆ ಹೋದೆ. ಹೋದಲ್ಲೆಲ್ಲ ಮೊದಲು ಹೆಂಗಸಿನ ಹತ್ತಿರ, ಆಗಲೇ ಬರಬೇಕಿತ್ತು, ಬರಲಿಲ್ಲ, ತಪ್ಪಾಯಿತು ಎಂದೆ. ಅಷ್ಟರಲ್ಲಿ ಕೆಲವರಿಗೆ ಬೇಡದ ಮಗು ಹುಟ್ಟಿ ತೊಟ್ಟಿಲಲ್ಲಿತ್ತು. ಒಬ್ಬಳು ತವರಿಗೆ ಹೋಗಿಬಿಟ್ಟಿದ್ದಳು. ಎಲ್ಲ ಗಂಡಸರೂ ಪರಶಿವನಂತೆ ಅಂತಲ್ಲ. ನಿಜವಾಗಿಯೇ ಮನಸ್ಸಿಲ್ಲದವರಿದ್ದರು, ಒಬ್ಬ ನನ್ನ ಮುಖಕ್ಕೇ ಬಾಗಿಲು ಹಾಕಿದ. ಆದರೆ ಹಾಳೆ ಓದಿಸಿದಾಗ ಅದೇ ಪದಕ್ಕೆ ತಡವರಿಸಿದವರು ನಾನಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು. ಗಾರೆ ಕೆಲಸದವರು, ಮೇಷ್ಟ್ರು, ಬಸ್ ಕಂಡಕ್ಟರ್, ಮಸೀದಿ ಬೀದಿಯ ಹಾರ್ಮೋನಿಯಂ ರಿಪೇರಿಯವರು. ತಮ್ಮತಮ್ಮ ಕೈಯಲ್ಲಿ ಸಾಲು ಹೊಡೆದು, ಜೊತೆಗಿದ್ದೇನೆ ಎಂದು ಬರೆದರು. ಆರು ವಾರದಲ್ಲಿ ಅರವತ್ತೆಂಟು ಹಾಳೆ. ಒಂದೂ ಅಳಿಸಿಹೋಗಲಿಲ್ಲ.

ಏಳನೇ ವಾರ ರಾಜಧಾನಿಯಿಂದ ಆದೇಶ ಬಂತು. ಸರ್ಕಾರಿ ನಮೂನೆ ತಿದ್ದಿದ ಅಪರಾಧಕ್ಕೆ ಡಾಕ್ಟರ್ ಮೆಹರುನ್ನೀಸಾ ಅಮಾನತು. ವಿಚಾರಣೆಗೆ ಮೂವರು ಶಾಸಕರ ಸಮಿತಿ ಬರುತ್ತದೆ ಎಂದಿತ್ತು. ಮೇಡಂ ಕೋಟನ್ನು ಮಡಚಿ ನನ್ನ ಕೈಗೆ ಕೊಟ್ಟು, “ತೊಳೆದಿಡಿ, ಮತ್ತೆ ಬೇಕಾಗತ್ತೆ,” ಎಂದರು. ಧ್ವನಿ ಗಟ್ಟಿಯಾಗಿತ್ತು, ಕಣ್ಣು ಗಟ್ಟಿಯಾಗಿರಲಿಲ್ಲ.

ಸಮಿತಿಯ ಅಧ್ಯಕ್ಷರು ಅನಂತರಾಜಯ್ಯ ಎಂಬ ಹಿರಿಯರು. ಹಿಂದೆ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದವರು, ಈ ಕಾನೂನಿನ ಕರಡು ಬರೆದವರೂ ಅವರೇ. ಜೊತೆಗೆ ಒಬ್ಬ ಗುತ್ತಿಗೆದಾರ ಶಾಸಕರು, ಒಬ್ಬ ಮಹಿಳಾ ಶಾಸಕರು. ಪುರಸಭೆಯ ಸಭಾಂಗಣದಲ್ಲಿ ಬೆಳಿಗ್ಗೆ ಶುರುವಾಯಿತು. ಊರು ಕಿಟಕಿಯವರೆಗೂ ತುಂಬಿತ್ತು. ನನ್ನನ್ನು ಕೇಳಿದರು, ನಡೆದದ್ದು ಹೇಳಿದೆ. ಪರಶಿವನನ್ನು ಕೇಳಿದರು, ಕಂಬದ ಮಾತು ಹೇಳಿದ. ಆಮೇಲೆ ಚೆನ್ನಾಂಬಿಕೆಯನ್ನು ಕರೆದರು. ನಾನು ಅವಳ ಪಕ್ಕ ನಿಲ್ಲಲು ಹೋದೆ, ಬೇಡ ಎಂದು ಕೈಸನ್ನೆ ಮಾಡಿದಳು.

ಅನಂತರಾಜಯ್ಯನವರು ಒರಟು ಮನುಷ್ಯರಲ್ಲ. ಮಗಳನ್ನು ಕೇಳುವ ಹಾಗೆಯೇ ಕೇಳಿದರು, “ತಾಯಿ, ಸಂಸಾರ ಅಂದ ಮೇಲೆ ಎಲ್ಲರೂ ಸೇರಿ ತೀರ್ಮಾನ ಮಾಡುವುದು ಒಳ್ಳೆಯದಲ್ಲವೇ? ನಿನ್ನ ಮನೆಯವರನ್ನು ಕೇಳು ಎಂದರೆ ಅದರಲ್ಲಿ ತಪ್ಪೇನಿದೆ?”

“ಕೇಳಿದೆ ಸ್ವಾಮಿ,” ಎಂದಳು ಅವಳು. “ಅತ್ತೇನ ಕೇಳಿದೆ, ಇವರನ್ನ ಕೇಳಿದೆ, ಡಾಕ್ಟರಮ್ಮನ್ನ ಕೇಳಿದೆ. ನೀವು ಹೇಳದಿದ್ರೂ ಕೇಳ್ತಿದ್ದೆ. ಕೇಳೋದು ಬೇರೆ, ಕಾಯೋದು ಬೇರೆ. ನಾನು ಹದಿನೇಳು ದಿನ ಕಾದೆ. ದಿನಾ ಬೆಳಿಗ್ಗೆ ಮಕ್ಕಳಿಗೆ ಜಡೆ ಹಾಕುವಾಗ, ಇನ್ನೆಷ್ಟು ದಿನ ಹಾಕ್ತೀನೋ ಅಂದ್ಕೊಂಡೇ ಹಾಕಿದೆ. ದೊಡ್ಡವಳಿಗೆ ತಾನೇ ಜಡೆ ಹಾಕ್ಕೊಳ್ಳೋದನ್ನ ಆ ಹದಿನೇಳು ದಿನದಲ್ಲೇ ಕಲಿಸಿದೆ. ತಂಗಿಗೂ ಹಾಕೋದನ್ನ ಕಲಿಸಿದೆ. ಅದನ್ನ ನಿಮ್ಮ ಹಾಳೆಯಲ್ಲಿ ಎಲ್ಲಿ ಬರೀಬೇಕಿತ್ತು ಹೇಳಿ.”

ಗುತ್ತಿಗೆದಾರ ಶಾಸಕರು ಗಡಿಯಾರ ನೋಡಿ, “ಮನೆಯ ಹಿರಿಯರು ಯಾರು?” ಎಂದರು. ಪುಟ್ಟಮ್ಮಣ್ಣಿ ಕೂತಲ್ಲಿಂದಲೇ ಸೆರಗು ಸರಿಮಾಡಿಕೊಂಡು ಎದ್ದರು.

“ನಾನೇ. ಹಿರಿಯಳು ಅಂತ ನನ್ನ ಕೇಳ್ತಿದ್ದೀರಿ, ಸಂತೋಷ. ನಾನು ಆರು ಹೆತ್ತೆ, ನಾಲ್ಕು ಮಣ್ಣಿಗೆ ಕೊಟ್ಟೆ. ಒಂದು ಸಲನೂ, ಏನಮ್ಮ, ನಿನಗೆ ಬೇಕಾ ಅಂತ ಯಾರೂ ಬಂದು ಕೇಳಲಿಲ್ಲ. ಈಗ ಇವಳ ಮೈ ವಿಷಯಕ್ಕೆ ನನ್ನ ಹೆಬ್ಬೆಟ್ಟು ಕೇಳೋಕೆ ಬಂದಿದ್ದೀರಿ. ನನ್ನ ಕೇಳಬೇಕಾಗಿದ್ದಾಗ ಕೇಳಲಿಲ್ಲ. ಈಗ ಕೇಳಬೇಕಾಗಿರೋಳು ಇವಳು. ಇವಳನ್ನ ಕೇಳಿ.” ಅಷ್ಟು ಹೇಳಿ ಕೂತರು. ಆ ಹೊತ್ತಿಗೆ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಅವರು ನನ್ನ ಹೆತ್ತ ತಾಯಿಯೇನೋ ಎನ್ನಿಸುವಷ್ಟು.

ಸಂಜೆ ನಾಲ್ಕಕ್ಕೆ ಸಮಿತಿ ವರದಿ ಬರೆಯಿತು. ಕಾನೂನು ಸರಿಯಿದೆ, ನಮೂನೆ ಬದಲಿಸಬೇಕಾಗಿಲ್ಲ, ಡಾಕ್ಟರ ಅಮಾನತು ಮುಂದುವರಿಯತಕ್ಕದ್ದು. ಮೂವರೂ ಸಹಿ ಹಾಕಿದರು. ಪುರಸಭೆಯ ಗುಮಾಸ್ತರು ವಿನಯದಿಂದ, “ನಮ್ಮಲ್ಲಿ ಮೊಹರು ಬೆಳಿಗ್ಗೆ ಹಾಕೋ ಪದ್ಧತಿ ಸ್ವಾಮಿ,” ಎಂದರು. ಶಾಸಕರು ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಪ್ರವಾಸಿ ಮಂದಿರಕ್ಕೆ ಹೋದರು. ನಾವು ಮನೆಗೆ ಹೋದೆವು.

ಬೆಳಿಗ್ಗೆ ಎಂಟಕ್ಕೆ ಗುಮಾಸ್ತರು ಎಲ್ಲರೆದುರು ಪೆಟ್ಟಿಗೆ ತೆರೆದು ವರದಿ ಮೇಜಿನ ಮೇಲಿಟ್ಟರು. ಗುತ್ತಿಗೆದಾರರ ಸಹಿ ಇತ್ತು. ಅವರು ಬರೆದದ್ದನ್ನು ಅವರು ಮನಸಾರೆ ನಂಬಿದ್ದರು, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಮಹಿಳಾ ಶಾಸಕರ ಸಹಿ ಇರಲಿಲ್ಲ. ಅನಂತರಾಜಯ್ಯನವರ ಸಹಿ ಇರಲಿಲ್ಲ.

ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದೆ ತಿರುಗಿಸಿ ನೋಡಿದರು. ಗುತ್ತಿಗೆದಾರರು ಮಸಿಯ ಬಗ್ಗೆ ಏನೋ ಹೇಳಲು ಹೊರಟರು. ಅನಂತರಾಜಯ್ಯನವರು ಕೈಯೆತ್ತಿ ತಡೆದರು. “ಇಲ್ಲ. ನಿನ್ನೆ ಆ ಹುಡುಗಿ ಜಡೆಯ ವಿಷಯ ಹೇಳಿದಾಗಲೇ ನನಗೆ ಗೊತ್ತಿತ್ತು. ಕಾನೂನು ನಾನು ಬರೆದದ್ದು, ಅದಕ್ಕೇ ಬಿಡಲಾಗಲಿಲ್ಲ,” ಎಂದರು. ಹೆಡ್‌ಮಾಸ್ಟರ್ ಆಗಿದ್ದವರು ತುಂಬಿದ ಸಭೆಯಲ್ಲಿ ಅಷ್ಟು ಹೇಳುವುದು ಸಣ್ಣ ಮಾತಲ್ಲ. ಗುಮಾಸ್ತರ ಕಡೆ ತಿರುಗಿ, “ಬೇರೆ ಕಾಗದ ಕೊಡಿ,” ಎಂದರು.

ಮಧ್ಯಾಹ್ನದವರೆಗೆ ಕೂತು ಕೈಯಲ್ಲೇ ಬರೆದರು. ಹೆಂಗಸಿನ ಸಹಿಯೊಂದೇ ಸಾಕು, ಉಳಿದ ಸಾಲುಗಳನ್ನು ತೆಗೆದುಹಾಕಬೇಕು, ಡಾಕ್ಟರನ್ನು ಕೆಲಸಕ್ಕೆ ಕರೆಸಿಕೊಳ್ಳಬೇಕು. ಮಹಿಳಾ ಶಾಸಕರೂ ಸಹಿ ಹಾಕಿದರು. ಗುತ್ತಿಗೆದಾರರು ಹಾಕುವುದಿಲ್ಲ ಎಂದು ಕಾರು ಹತ್ತಿ ಹೊರಟುಹೋದರು. ಅನಂತರಾಜಯ್ಯನವರು ಮಾತ್ರ ಇನ್ನೊಂದು ದಿನ ನಿಂತರು. ಮರುದಿನ ಎಂಟಕ್ಕೆ ಮುಂಚೆಯೇ ಪುರಸಭೆಯ ಬಾಗಿಲಲ್ಲಿ ಒಬ್ಬರೇ ನಿಂತಿದ್ದರು. ಎರಡೂ ಸಹಿ ಇದ್ದವು. ಗುಮಾಸ್ತರು ಮೊಹರು ಒತ್ತಿದರು.

ಶಾಸನಸಭೆಯಲ್ಲಿ ಅದು ಅಷ್ಟು ಸಲೀಸಾಗಿ ಆಗಲಿಲ್ಲ. ಏಳು ತಿಂಗಳು ಹಿಡಿಯಿತು. ಅನಂತರಾಜಯ್ಯನವರನ್ನು ಅವರ ಕಡೆಯವರೇ ಮೂದಲಿಸಿದರಂತೆ. ಕೊನೆಗೆ ನಾಲ್ಕು ಮತಗಳ ಅಂತರದಲ್ಲಿ ಹೊಸ ಕಾನೂನು ಪಾಸಾಯಿತು. ಪುರಸಭೆಯ ರೇಡಿಯೋದಲ್ಲಿ ಸುದ್ದಿ ಬಂದಾಗ ಪುಟ್ಟಮ್ಮಣ್ಣಿ ಬತ್ತಿ ಬೀದಿಯ ಮನೆಮನೆಗೂ ಹೆಸರುಬೇಳೆ ಪಾಯಸ ಕಳಿಸಿದರು. ಮೆಹರುನ್ನೀಸಾ ಮೇಡಂ ಮತ್ತೆ ಕೆಲಸಕ್ಕೆ ಸೇರಿದರು, ಈ ಸಲ ತಂದೆಯನ್ನೂ ಕರೆದುಕೊಂಡು ಬಂದರು, ಅವರಿಗೆ ನಮ್ಮ ಊರಿನ ನೀರು ಹಿಡಿಸಿದೆ. ಚೆನ್ನಾಂಬಿಕೆಯ ಹೃದಯದ ಕವಾಟಕ್ಕೆ ರಾಜಧಾನಿಯಲ್ಲಿ ಆಪರೇಷನ್ ಆಯಿತು. ಈಗ ಮೆಟ್ಟಿಲು ಹತ್ತಿದರೂ ಅವಳಿಗೆ ಏದುಸಿರು ಬರುವುದಿಲ್ಲ. ಈ ವರ್ಷ ಇಡೀ ಶಾಲೆಯ ಯೂನಿಫಾರಂ ಅವಳೇ ಹೊಲಿದಳು. ಕಾನೂನಿನ ಪುಸ್ತಕದಲ್ಲಿ ಅವಳ ಹೆಸರೂ ಇಲ್ಲ, ನಮ್ಮ ಊರಿನ ಹೆಸರೂ ಇಲ್ಲ. ಅದನ್ನು ತೆರೆದಾಗೆಲ್ಲ ನನಗೆ ಎರಡೂ ಕಾಣುತ್ತವೆ.

ಹೊಸ ಕಾನೂನು ಜಾರಿಯಾದ ವಾರ, ಒಂದು ಬೆಳಿಗ್ಗೆ, ಮೊದಲ ಬಸ್ಸಿಗೆ ಒಬ್ಬಳು ಬಂದಳು. ನಮ್ಮ ಊರಿನವಳಲ್ಲ. ದೂರದಿಂದ ಬಂದವಳು, ಚಪ್ಪಲಿಯ ಮೇಲೆ ಕೆಂಪು ಧೂಳು. ಇಪ್ಪತ್ತೈದರ ಆಸುಪಾಸು. ಬಾಗಿಲಲ್ಲೇ ನಿಂತು ಒಳಗೆ ಬರಲು ಹಿಂಜರಿದಳು. ಏನಮ್ಮ ಎಂದೆ. ತನ್ನ ಊರಿನ ಆಸ್ಪತ್ರೆಯಲ್ಲಿ ಹಳೆಯ ಹಾಳೆಯನ್ನೇ ಇನ್ನೂ ಕೊಡುತ್ತಿದ್ದಾರೆ, ಇಲ್ಲಿ ಬೇರೆ ಇದೆಯೆಂದು ಯಾರೋ ಹೇಳಿದರು ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು, “ನನ್ನ ಜೊತೆ ಯಾರು ಬರಬೇಕಿತ್ತು ಸಿಸ್ಟರ್? ಯಾರನ್ನೂ ಕರ್ಕೊಂಡು ಬಂದಿಲ್ಲ.”

“ನೀನು ಬಂದಿದ್ದೀಯಲ್ಲ ತಾಯಿ,” ಎಂದೆ. “ಬಾ, ಕೂತ್ಕೋ. ಮೊದಲು ನೀರು ಕುಡಿ.”

ಅವಳು ಒಳಗೆ ಬಂದು ಕೂತಳು. ನೀರು ಕುಡಿದು, ಬಾಯಿ ಒರೆಸಿಕೊಂಡು, ಹಾಳೆಗೆ ಕೈ ಚಾಚಿದಳು.